ಒಂದು ಗೋಡೆ, ಐದು ಸಾವಿರ ರೂಪಾಯಿ: ಮುಂಬಯಿಯ ಮನೆಯಲ್ಲಿ ಹದಿಹರೆಯದವರ ಕೋಣೆಯ ಸಿಂಗಾರ

ಮುಂಬಯಿಯಲ್ಲಿ ಹದಿಹರೆಯದ ಮಕ್ಕಳಿಗೆಂದೇ ಪ್ರತ್ಯೇಕ ಕೋಣೆ ಇರುವ ಮನೆಗಳು ಕಡಿಮೆ. ಡೊಂಬಿವಲಿ, ಮುಲುಂಡ್, ಥಾಣೆಗಳ ಕಡೆ ನಮ್ಮ ಕನ್ನಡಿಗರು ವಾಸವಾಗಿರುವ ಒಂದು ಅಥವಾ ಎರಡು ಬೆಡ್‌ರೂಮಿನ ಮನೆಗಳಲ್ಲಿ ‘ಮಗಳ ಕೋಣೆ’ ಎಂದು ಕರೆಯುವುದು, ಅಜ್ಜಿಯ ಮಂಚ, ಮನೆಮಂದಿಯ ಬಟ್ಟೆಯೆಲ್ಲ ತುಂಬಿದ ಉಕ್ಕಿನ ಕಪಾಟು ಮತ್ತು ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗ, ಇವುಗಳ ನಡುವೆ ಉಳಿದ ಜಾಗವನ್ನು. ಇಂಥ ಕಡೆ ಇಡೀ ಕೋಣೆಯನ್ನು ಬದಲಾಯಿಸುತ್ತೇನೆಂದು ಹೊರಟರೆ ಹಣವೂ ಸಾಲದು, ಅಜ್ಜಿಯ ಸಮ್ಮತಿಯೂ ಸಿಗದು. ಆದ್ದರಿಂದ ಒಂದೇ ಒಂದು ಗೋಡೆಯನ್ನು, ಅಂದರೆ ಮಗುವಿನ ಮಂಚ ಅಥವಾ ಮೇಜು ತಾಗಿಕೊಂಡಿರುವ ಗೋಡೆಯನ್ನು ಆರಿಸಿಕೊಂಡು, ಸುಮಾರು ಐದು ಸಾವಿರ ರೂಪಾಯಿಯೊಳಗೆ ಮನೆಯವರೇ ಮಾಡಬಹುದಾದ ಕೆಲಸಗಳನ್ನು ಇಲ್ಲಿ ವಿವರಿಸಿದ್ದೇನೆ.

ಯಾವುದೇ ವಸ್ತುವನ್ನು ಕೊಳ್ಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವನ್ನು ತಡೆದೀತೇ? ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಹಿಂದಿರುಗಿಸುವ ದಿನ ಇದನ್ನು ಕಳಚಿಕೊಂಡು ಹೋಗಲು ಸಾಧ್ಯವೇ? ಇಲ್ಲಿನ ಬಾಡಿಗೆ ಕರಾರುಗಳು ಸಾಮಾನ್ಯವಾಗಿ 11 ತಿಂಗಳವು. ಗೋಡೆಗೆ ಮಾಡಿದ ಗಾಯವೆಲ್ಲ ಡಿಪಾಸಿಟ್‌ನಲ್ಲಿ ಕಡಿತವಾಗುತ್ತದೆ. ನಾನು ಈ ಪ್ರಶ್ನೆಗಳನ್ನು ಕಲಿತದ್ದು ತಡವಾಗಿ. ಮೊದಲ ಸಲ ಮಗಳ ಆಸೆಗೆ ಸೋತು ಅಂಟಿಸುವ ವಾಲ್‌ಪೇಪರ್ ತಂದು ಹಚ್ಚಿದ್ದೆವು; ಜುಲೈ ಮುಗಿಯುವಷ್ಟರಲ್ಲಿ ಅದು ಅಂಚಿನಿಂದ ಸುರುಳಿ ಸುತ್ತಿಕೊಂಡು, ಹಿಂದೆ ಕಪ್ಪು ಬೂಷ್ಟು ಕಟ್ಟಿ, ಕೀಳುವಾಗ ಹಳೆಯ ಬಣ್ಣವನ್ನೂ ಕಿತ್ತುಕೊಂಡು ಬಂದಿತು. ಅಂದಿನಿಂದ ವಾಲ್‌ಪೇಪರ್ ನಮ್ಮ ಮನೆಯಲ್ಲಿ ನಿಷಿದ್ಧ.

ಹಣವನ್ನು ಹೀಗೆ ಹಂಚಿಕೊಳ್ಳಬಹುದು: ಬಣ್ಣ ಮತ್ತು ಅದರ ಸಲಕರಣೆಗಳಿಗೆ 1,500, ಬೋರ್ಡು ಮತ್ತು ಚಿತ್ರದ ಹಲಗೆಗೆ 1,200, ದೀಪಕ್ಕೆ 1,000, ದಾರ ಮತ್ತು ಹೊಲಿಗೆಗೆ 500, ಹುಕ್ಕು ಮೊಳೆಗಳಿಗೆ 400. ಉಳಿದ 400 ರೂಪಾಯಿಯನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು; ಕೆಲಸದ ನಡುವೆ ಏನೋ ಒಂದು ಮುರಿಯುವುದು ಖಂಡಿತ. ಈ ಹಣವನ್ನು ಮಗುವಿನ ಕೈಗೇ ಕೊಟ್ಟು, ಲೆಕ್ಕವನ್ನೂ ಅವರೇ ಬರೆಯುವಂತೆ ಮಾಡುವುದು ಒಳ್ಳೆಯದು. ದೀಪಕ್ಕೆ ಹೆಚ್ಚು ಸುರಿದರೆ ಬಣ್ಣಕ್ಕೆ ಕಡಿಮೆಯಾಗುತ್ತದೆ ಎಂಬುದು ಹೇಳಿಸಿಕೊಳ್ಳುವುದಕ್ಕಿಂತ ಅಂಗಡಿಯ ಮುಂದೆ ನಿಂತಾಗ ಬೇಗ ತಿಳಿಯುತ್ತದೆ.

ಗೋಡೆಯ ಪರೀಕ್ಷೆ

ಬಣ್ಣದ ಡಬ್ಬಿಯನ್ನು ತರುವ ಮೊದಲು ಗೋಡೆಯ ಆರೋಗ್ಯವನ್ನು ನೋಡಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಡಿ. ಮರುದಿನ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ನೀರಿನ ಹನಿಗಳು ಕಂಡರೆ ತೇವವು ಗೋಡೆಯೊಳಗಿನಿಂದಲೇ ಬರುತ್ತಿದೆ ಎಂದರ್ಥ. ಮೇಲಿನ ಮನೆಯ ಬಚ್ಚಲೋ ಹೊರಗೋಡೆಯ ಬಿರುಕೋ ಸೋರುತ್ತಿರಬಹುದು. ಅದನ್ನು ಕಟ್ಟಡದ ಸೊಸೈಟಿಗೆ ಅಥವಾ ಮಾಲೀಕರಿಗೆ ತಿಳಿಸಿ ಸರಿಪಡಿಸುವವರೆಗೆ ಯಾವ ಬಣ್ಣವೂ ಅಲ್ಲಿ ನಿಲ್ಲುವುದಿಲ್ಲ. ಹೊರಮೈಯಲ್ಲಿ ಮಾತ್ರ ತೇವವಿದ್ದರೆ ಅದು ಕೋಣೆಯ ಗಾಳಿಯದು. ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಕು.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಅಂಗೈಯಿಂದ ಗೋಡೆಯನ್ನು ಜೋರಾಗಿ ಒರೆಸಿದಾಗ ಬಿಳಿಯ ಹುಡಿ ಅಂಟಿದರೆ ಅದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಅದರ ಮೇಲೆ ಹೊಸ ಬಣ್ಣವೂ ನಿಲ್ಲದು, ಅಂಟಿನ ಹುಕ್ಕೂ ನಿಲ್ಲದು. ಹೆರೆದು, ಉಪ್ಪುಕಾಗದದಿಂದ ಉಜ್ಜಿ (ಅಂಗಡಿಯಲ್ಲಿ ಪಾಲಿಶ್ ಪೇಪರ್ ಎಂದು ಕೇಳಬೇಕು, ಮೊದಲು 120, ಅನಂತರ 220 ನಂಬರಿನದು), ಬಣ್ಣ ಹಿಡಿದು ನಿಲ್ಲಲು ಅಡಿಗೆ ಬಳಿಯುವ ಪ್ರೈಮರ್ ಒಂದು ಸಲ ಹಚ್ಚಿದ ಮೇಲೆಯೇ ಮುಂದಿನ ಮಾತು. ಉಜ್ಜುವಾಗ ಮೂಗು ಬಾಯಿಗೆ ಮಾಸ್ಕ್ ಇರಬೇಕು. ಬೂಷ್ಟಿನ ಕಲೆಗಳಿದ್ದರೆ ನೀರು ಬೆರೆಸಿದ ಬ್ಲೀಚ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಕೈಗವಸು ಹಾಕಿಕೊಂಡು, ಕಿಟಕಿ ತೆರೆದಿಟ್ಟು ಹಿರಿಯರೇ ಈ ಕೆಲಸವನ್ನು ಮಾಡಬೇಕು. ಬ್ಲೀಚನ್ನು ಶೌಚಾಲಯ ತೊಳೆಯುವ ಆಸಿಡ್‌ನೊಂದಿಗೆ ಎಂದಿಗೂ ಬೆರೆಸಬಾರದು, ಅದರಿಂದ ವಿಷಾನಿಲ ಏಳುತ್ತದೆ.

ಅರ್ಧ ಗೋಡೆಗೆ ಒಂದು ಲೀಟರ್

ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಗೋಡೆ 90 ಚದರ ಅಡಿಯಾಗುತ್ತದೆ. ನಯವಾದ ಗೋಡೆಯ ಮೇಲೆ ಒಂದು ಲೀಟರ್ ಇಮಲ್ಷನ್ (ನೀರಿನಲ್ಲಿ ಬೆರೆಯುವ ಗೋಡೆಯ ಬಣ್ಣ) ಎರಡು ಸಲ ಹಚ್ಚಲು ಸುಮಾರು 50ರಿಂದ 60 ಚದರ ಅಡಿಗೆ ಬರುತ್ತದೆ ಎಂದು ಲೆಕ್ಕ ಹಿಡಿದರೆ, ಪೂರ್ತಿ ಗೋಡೆಗೆ ಎರಡು ಲೀಟರ್ ಬೇಕು. ಅದರ ಬದಲು ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಮಾತ್ರ ಬಣ್ಣ ಹಚ್ಚಿದರೆ 40 ಚದರ ಅಡಿ. ಒಂದೇ ಲೀಟರಿನ ಡಬ್ಬಿಯಲ್ಲಿ ಕೆಲಸ ಮುಗಿದು, ಆಮೇಲಿನ ತೇಪೆಗೂ ಸ್ವಲ್ಪ ಉಳಿಯುತ್ತದೆ. ಉಳಿತಾಯವೊಂದೇ ಇದರ ಗುಣವಲ್ಲ. ಮಂಚದ ಮೇಲೆ ಕುಳಿತವರ ತಲೆಯೆಣ್ಣೆಯ ಕಲೆ ತಾಗುವುದು ಕೆಳಗಿನ ಈ ನಾಲ್ಕು ಅಡಿಗೇ. ಅಲ್ಲಿ ಗಾಢ ಬಣ್ಣವಿದ್ದರೆ ಕಲೆ ಕಾಣಿಸದು. ಮೇಲಿನ ಭಾಗ ಬಿಳಿಯಾಗಿಯೇ ಉಳಿಯುವುದರಿಂದ ಸಣ್ಣ ಕೋಣೆ ಕತ್ತಲಾಗುವುದೂ ಇಲ್ಲ. ಮಕ್ಕಳು ಕಪ್ಪು ಬಣ್ಣ ಕೇಳುತ್ತಾರೆ. ಕೇಳಲಿ. ಗಾಢ ಹಸಿರು, ಇಟ್ಟಿಗೆಗೆಂಪು, ನವಿಲು ನೀಲಿಗಳನ್ನು ಗೋಡೆಯ ಮೂಲೆಯಲ್ಲಿ ಒಂದೊಂದು ಅಂಗೈಯಗಲ ಹಚ್ಚಿ, ಹಗಲಿನಲ್ಲೂ ರಾತ್ರಿ ದೀಪದಲ್ಲೂ ನೋಡಿದ ಮೇಲೆ ಅವರೇ ಮನಸ್ಸು ಬದಲಿಸುವುದುಂಟು.

ಗೆರೆಯನ್ನು ಎಳೆಯುವಾಗ ನೆಲದಿಂದ ಅಳೆದು ನಂಬಬಾರದು. ಹಳೆಯ ಕಟ್ಟಡಗಳ ನೆಲ ಒಂದು ಕಡೆಗೆ ವಾಲಿರುತ್ತದೆ. ಒಂದು ತುದಿಯಲ್ಲಿ ನಾಲ್ಕು ಅಡಿಗೆ ಗುರುತು ಹಾಕಿ, ಅಲ್ಲಿಂದ ರಸಮಟ್ಟ ಹಿಡಿದು ಸಮನಾದ ಗೆರೆಯನ್ನು ಎಳೆದು, ಗೆರೆಯ ಮೇಲಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಈಗ ಅನುಭವಸ್ಥ ಪೇಂಟರ್‌ಗಳು ಮಾಡುವ ಒಂದು ಉಪಾಯ: ಟೇಪಿನ ಕೆಳ ಅಂಚಿಗೆ ಮೊದಲು ಗೋಡೆಯ ಹಳೆಯ ಬಣ್ಣವನ್ನೇ ತೆಳುವಾಗಿ ಸವರಬೇಕು. ಟೇಪಿನ ಸಂದಿಯೊಳಗೆ ನುಗ್ಗುವುದು ಆ ಹಳೆಯ ಬಣ್ಣವಾದ್ದರಿಂದ ಹೊಸ ಬಣ್ಣ ಒಳಗೆ ಹರಿಯುವುದಿಲ್ಲ, ಗೆರೆ ಕತ್ತರಿಸಿದಂತೆ ಬರುತ್ತದೆ. ಅಂಚುಗಳನ್ನು ಬ್ರಷ್‌ನಿಂದ, ಉಳಿದದ್ದನ್ನು ರೋಲರ್‌ನಿಂದ ಹಚ್ಚಿ. ಬೆರೆಸುವ ನೀರಿನ ಪ್ರಮಾಣವೂ ಎರಡು ಕೋಟುಗಳ ನಡುವಿನ ಅಂತರವೂ ಡಬ್ಬಿಯ ಮೇಲೆಯೇ ಬರೆದಿರುತ್ತವೆ. ಎರಡನೆಯ ಕೋಟು ಪೂರ್ತಿ ಒಣಗುವ ಮೊದಲೇ ಟೇಪನ್ನು ನಿಧಾನವಾಗಿ ಎಳೆದು ತೆಗೆಯಬೇಕು; ಒಣಗಿದ ಮೇಲೆ ಎಳೆದರೆ ಬಣ್ಣದ ಪೊರೆಯೂ ಜೊತೆಗೆ ಹರಿದು ಬರುತ್ತದೆ.

ಇದಕ್ಕೆ ಸರಿಯಾದ ಕಾಲ ಪರೀಕ್ಷೆ ಮುಗಿದ ಏಪ್ರಿಲ್, ಮೇ. ಅದು ತಪ್ಪಿದರೆ ದೀಪಾವಳಿಯ ರಜೆ. ಮಾಲೀಕರ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಮೆಸೇಜಿನಲ್ಲಿ ಪಡೆಯಿರಿ, ಗೋಡೆಯ ಹಳೆಯ ಬಣ್ಣದ ಶೇಡ್ ನಂಬರನ್ನೂ ಅದರಲ್ಲೇ ಕೇಳಿಟ್ಟುಕೊಳ್ಳಿ.

ಪಿನ್ ಬೋರ್ಡು ಮತ್ತು ಉಕ್ಕಿನ ಕಪಾಟು

ಹದಿಹರೆಯದವರಿಗೆ ಗೋಡೆಯ ಮೇಲೆ ಏನಾದರೊಂದನ್ನು ಅಂಟಿಸುತ್ತಲೇ ಇರಬೇಕು. ಅದಕ್ಕೊಂದು ಜಾಗ ಮಾಡಿಕೊಡದಿದ್ದರೆ ಗೋಡೆಯ ತುಂಬ ಸೆಲ್ಲೋಟೇಪಿನ ಗುರುತುಗಳಾಗುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ 12 ಮಿಲಿಮೀಟರ್ ದಪ್ಪದ ಸಾಫ್ಟ್ ಬೋರ್ಡು ಎಂಟು ಅಡಿ, ನಾಲ್ಕು ಅಡಿ ಅಳತೆಯಲ್ಲಿ ಬರುತ್ತದೆ. ಅದನ್ನು ಹಾಗೆಯೇ ಮನೆಗೆ ತರುವ ಸಾಹಸ ಬೇಡ, ಲಿಫ್ಟಿನಲ್ಲಿ ಹಿಡಿಸುವುದಿಲ್ಲ. ಅಂಗಡಿಯಲ್ಲೇ ನಾಲ್ಕು ಅಡಿ, ಎರಡು ಅಡಿಯ ನಾಲ್ಕು ತುಂಡುಗಳಾಗಿ ಕೊಯ್ಯಿಸಿ, ನೆರೆಹೊರೆಯ ಇನ್ನಿಬ್ಬರು ಮಕ್ಕಳೊಂದಿಗೆ ಹಂಚಿಕೊಂಡರೆ ಖರ್ಚು ಮೂರು ಪಾಲಾಗುತ್ತದೆ.

ಬೋರ್ಡಿಗೆ ಹೊದಿಸಲು ಹಳೆಯ ಹತ್ತಿ ಸೀರೆಯಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಹರಿದ ಇಳಕಲ್ ಸೀರೆಯೊಂದರ ಕೆಂಪು ಸೆರಗು ಈ ಕೆಲಸಕ್ಕೆ ಬಂದಿತು. ಕತ್ತರಿ ಹಾಕುವ ಮೊದಲು ಅಜ್ಜಿ ಸೀರೆಯನ್ನು ಮಡಿಲಿನಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡುತ್ತಿದ್ದರು, ಆದರೆ ಬೇಡವೆನ್ನಲಿಲ್ಲ. ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ, ಬೋರ್ಡಿಗಿಂತ ಎಲ್ಲ ಕಡೆ ಮೂರು ಇಂಚು ಹೆಚ್ಚಿಗೆ ಕತ್ತರಿಸಿ, ಬೋರ್ಡನ್ನು ಅದರ ಮೇಲೆ ಬೋರಲಾಗಿ ಇಡಿ. ಮೊದಲು ನಾಲ್ಕು ಬದಿಗಳ ನಡುವೆ ಒಂದೊಂದು ಸ್ಟೇಪಲ್ ಹೊಡೆದು, ಅಲ್ಲಿಂದ ಮೂಲೆಯ ಕಡೆಗೆ ಎಳೆಯುತ್ತ ಹೋಗಬೇಕು. ಮೂಲೆಯಿಂದ ಆರಂಭಿಸಿದರೆ ನಡುವೆ ಸುಕ್ಕು ಉಳಿದುಬಿಡುತ್ತದೆ. ಮೂಲೆಗಳನ್ನು ಪುಸ್ತಕಕ್ಕೆ ರಟ್ಟು ಹಾಕುವಂತೆ ಮಡಚಿ ಹೊಡೆಯಿರಿ. ಸ್ಟೇಪಲ್‌ನ ಮೊನೆ ಬೋರ್ಡಿನ ದಪ್ಪಕ್ಕಿಂತ ಗಿಡ್ಡವಾಗಿರಲಿ.

ಇದನ್ನು ತೂಗುಹಾಕುವುದರಲ್ಲಿ ಮುಂಬಯಿಯ ಗೋಡೆಗಳದ್ದೇ ಒಂದು ತಕರಾರು ಇದೆ. ಹೊಸ ಗೋಪುರ ಕಟ್ಟಡಗಳಲ್ಲಿ ಮೈವಾನ್ ಎಂದು ಕರೆಯುವ ಅಲ್ಯುಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳಿರುತ್ತವೆ. ಅಲ್ಲಿ ಸುತ್ತಿಗೆಯ ಮೊಳೆ ಬಾಗುತ್ತದೆಯೇ ಹೊರತು ಇಳಿಯುವುದಿಲ್ಲ, ಹ್ಯಾಮರ್ ಡ್ರಿಲ್ಲೇ ಬೇಕು. ಹಳೆಯ ಚಾಳುಗಳಲ್ಲಿ (ಒಂದೊಂದು ಕೋಣೆಯ ಮನೆಗಳ ವಠಾರಗಳಲ್ಲಿ) ಇದಕ್ಕೆ ವಿರುದ್ಧವಾಗಿ ಗಾರೆ ಉದುರಿ ತೂತು ದೊಡ್ಡದಾಗುತ್ತದೆ. ಎರಡು ಕಡೆಯೂ ಕೊರೆಯದೆ ಕೆಲಸ ಸಾಗಿಸುವುದು ಜಾಣತನ: ಬೋರ್ಡನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಡಬಹುದು, ಅಥವಾ ಸೂರಿನ ಕೆಳಗೆ ಸಾಮಾನಿಡುವ ಲಾಫ್ಟ್‌ನ ಅಂಚಿಗೆ ಇಂಗ್ಲಿಷಿನ ಎಸ್ ಆಕಾರದ ಎರಡು ಕೊಕ್ಕೆಗಳನ್ನು ಸಿಕ್ಕಿಸಿ ಹಗ್ಗದಿಂದ ಇಳಿಬಿಡಬಹುದು. ಕೊರೆಯಲೇಬೇಕಾದರೆ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬಾರದು. ವಿದ್ಯುತ್ ತಂತಿಯ ಕೊಳವೆ ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರುತ್ತದೆ.

ಬೋರ್ಡಿಗೂ ಹಣವಿಲ್ಲದಿದ್ದರೆ ಕೋಣೆಯಲ್ಲಿರುವ ಉಕ್ಕಿನ ಕಪಾಟನ್ನು ನೋಡಿ. ಆರು ಅಡಿ ಎತ್ತರದ ಆ ಪಕ್ಕದ ಮೈ ಪುಕ್ಕಟೆಯಾಗಿ ಸಿಕ್ಕ ಅಯಸ್ಕಾಂತದ ಬೋರ್ಡು. ಕೆಟ್ಟ ಸ್ಪೀಕರ್ ಬಿಚ್ಚಿದರೆ ಅಯಸ್ಕಾಂತವೂ ಸಿಗುತ್ತದೆ.

ಎರಡು ಊರುಗಳ ಕೆಂಪು ಮತ್ತು ಬಿಳಿ

ಇಡೀ ಕೆಲಸದಲ್ಲಿ ಮಕ್ಕಳು ಹೆಚ್ಚು ಹೊತ್ತು ಕೂತು ಮಾಡುವುದು ಚಿತ್ರದ ಹಲಗೆಯನ್ನು. ಮುಂಬಯಿಯ ಉತ್ತರಕ್ಕೆ ಪಾಲ್ಘರ್ ಜಿಲ್ಲೆಯ ಡಹಾಣು, ತಲಾಸರಿ, ಜವ್ಹಾರ್ ಕಡೆಯ ವಾರಲಿ ಜನರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ರ ಬರೆಯುತ್ತಾರೆ. 2011ರಲ್ಲಿ ಪದ್ಮಶ್ರೀ ಪಡೆದ ಜಿವ್ಯಾ ಸೋಮಾ ಮಶೆ ಅವರು ಆ ಕಲೆಯನ್ನು ಗೋಡೆಯಿಂದ ಕಾಗದಕ್ಕೂ ಬಟ್ಟೆಗೂ ತಂದು ಜಗತ್ತಿಗೆ ತೋರಿಸಿದರು. ನಮ್ಮ ಮಲೆನಾಡಿನಲ್ಲಿ, ಸಾಗರದ ಸುತ್ತಮುತ್ತ, ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರವೂ ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿಯೇ. ವಾರಲಿಯಲ್ಲಿ ಎರಡು ತ್ರಿಕೋನಗಳು ತುದಿಗೆ ತುದಿ ಸೇರಿ ಮನುಷ್ಯನಾಗುತ್ತವೆ. ಚಿತ್ತಾರದಲ್ಲಿ ಗೆರೆಗಳು ಗೆರೆಗಳನ್ನು ದಾಟಿ ಚೌಕಟ್ಟಾಗುತ್ತವೆ. ಚಿತ್ತಾರದ ಅಂಚಿನೊಳಗೆ ವಾರಲಿಯ ಬದುಕನ್ನು, ಲೋಕಲ್ ರೈಲನ್ನೂ ಕೊಡೆ ಹಿಡಿದ ಜನರನ್ನೂ ಬರೆಯಲು ನಮ್ಮ ಮಗಳಿಗೆ ನಾನು ಹೇಳಿದ್ದೆ. ಮದುವೆಯ ಸಂದರ್ಭದಲ್ಲಿ ವಾರಲಿಗಳು ಬರೆಯುವ ದೇವಿಯ ಚೌಕವನ್ನು ಮಾತ್ರ ಬಿಡಬೇಕೆಂದು ನನ್ನ ಅಭಿಪ್ರಾಯ. ಅದು ಪೂಜೆಯ ಚಿತ್ರ, ಮಲಗುವ ಕೋಣೆಯ ಅಲಂಕಾರವಲ್ಲ.

ನೇರ ಗೋಡೆಯ ಮೇಲೆ ಬರೆಯದೆ ನಾಲ್ಕು ಅಡಿ, ಎರಡು ಅಡಿಯ ತೆಳು ಪ್ಲೈವುಡ್ ಹಲಗೆಯ ಮೇಲೆ ಬರೆಯಿರಿ; ಮನೆ ಬಿಡುವಾಗ ಚಿತ್ರವೂ ಜೊತೆಗೆ ಬರುತ್ತದೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗವಾದರೂ ಇಲ್ಲಿನ ತೇವಕ್ಕೆ ಅಂಚಿನಲ್ಲಿ ಉಬ್ಬಿಕೊಳ್ಳುತ್ತದೆ. ಪ್ಲೈವುಡ್ಡಿಗೂ ಎರಡು ಮುಖಗಳಿಗೆ ಮತ್ತು ನಾಲ್ಕು ಅಂಚುಗಳಿಗೆ ಪ್ರೈಮರ್ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಗೇರು ಎಂಬ ಹೆಸರಿನಲ್ಲಿ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕೆಮ್ಮಣ್ಣಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಬಿಳಿ ಅಂಟು ಸೇರಿಸಿ ಎರಡು ಸಲ ಬಳಿಯಿರಿ. ಒಣಗಿದ ಮೇಲೆ ಬೆರಳಿನಿಂದ ಉಜ್ಜಿದಾಗ ಕೆಂಪು ಹತ್ತಿದರೆ ಅಂಟು ಸಾಲದು ಎಂದು ತಿಳಿಯಬೇಕು. ಬಿಳಿಗೆ ಅಕ್ಕಿಹಿಟ್ಟನ್ನು ಬಳಸಬೇಡಿ. ಮಳೆಗಾಲದಲ್ಲಿ ಬೂಷ್ಟೂ ಜಿರಲೆಯೂ ಬರುತ್ತವೆ. ಬಿಳಿಯ ಅಕ್ರಿಲಿಕ್ ಬಣ್ಣ ಸಾಕು. ಚಿತ್ತಾರದ ನೇರ ಗೆರೆಗೆ ಗೆಳತಿಯೊಬ್ಬಳು ದಾರದ ಇನ್ನೊಂದು ತುದಿಯನ್ನು ಹಿಡಿದುಕೊಂಡರೆ ಸೀಮೆಸುಣ್ಣ ಹಚ್ಚಿದ ದಾರವನ್ನು ಎಳೆದು ಬಿಟ್ಟು ಗುರುತು ಮೂಡಿಸಬಹುದು.

ದೀಪ

ಅಜ್ಜಿ ಒಂಬತ್ತೂವರೆಗೆ ಮಲಗುತ್ತಾರೆ, ಹತ್ತನೆಯ ತರಗತಿಯವಳು ಹನ್ನೊಂದರವರೆಗೆ ಓದುತ್ತಾಳೆ. ಈ ಜಗಳವನ್ನು ಬಗೆಹರಿಸುವುದು ಬಣ್ಣದ ಸರಮಾಲೆಯಲ್ಲ, ಮೇಜಿನ ಮೇಲೆ ಮಾತ್ರ ಬೆಳಕು ಬೀಳಿಸುವ, ಬಗ್ಗಿಸಬಹುದಾದ ಕತ್ತಿನ ಟೇಬಲ್ ಲ್ಯಾಂಪ್. ದೀಪಕ್ಕಿಟ್ಟ ಹಣದ ಅರ್ಧವನ್ನು ಅದಕ್ಕೆ ಕೊಡಿ, ಬಲ್ಬು 4000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ; ಅಂಕಿ ಕಡಿಮೆಯಾದಷ್ಟು ಹಳದಿ) ಆಸುಪಾಸಿನದಿರಲಿ. ಉಳಿದ ಅರ್ಧದಲ್ಲಿ ಎಲ್‌ಇಡಿ ಸ್ಟ್ರಿಪ್ ತಂದು ಅರ್ಧಗೋಡೆಯ ಗೆರೆಗೋ ಹಲಗೆಯ ಹಿಂದಕ್ಕೋ ಹಾಕಬಹುದು. 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆ ಕೆಮ್ಮಣ್ಣಿನ ಚಿತ್ರಕ್ಕೆ ಒಪ್ಪುತ್ತದೆ.

ಸ್ಟ್ರಿಪ್ಪಿನ ಲೆಕ್ಕ ಸರಳ. ಮೀಟರಿಗೆ 4.8 ವ್ಯಾಟ್‌ನ 12 ವೋಲ್ಟ್ ಸ್ಟ್ರಿಪ್ ಐದು ಮೀಟರ್ ಇದ್ದರೆ 24 ವ್ಯಾಟ್, ಅಂದರೆ ಎರಡು ಆಂಪಿಯರ್. ಅಡಾಪ್ಟರ್ ಅದಕ್ಕಿಂತ ಸ್ವಲ್ಪ ಹೆಚ್ಚಿನದು, ಮೂರು ಆಂಪಿಯರಿನದು ಇರಬೇಕು. ಸಮಸಮ ಇದ್ದರೆ ಅದು ಸದಾ ಬಿಸಿಯಾಗಿಯೇ ಇರುತ್ತದೆ. ಉದ್ದ ಹೆಚ್ಚಾದರೆ ಸ್ಟ್ರಿಪ್ಪಿನ ಮೇಲೆ ಕತ್ತರಿಯ ಗುರುತು ಇರುವಲ್ಲಿ ಮಾತ್ರ ಕತ್ತರಿಸಿ. ಹಿಂಬದಿಯ ಅಂಟು ಮಳೆಗಾಲಕ್ಕೆ ಬಿಡುವುದರಿಂದ ಅಡಿಗೊಂದು ಕ್ಲಿಪ್ ಹಾಕಬೇಕು. ಪರದೆಯ ಅಥವಾ ಹಾಸಿಗೆಯ ಹಿಂದೆ ಅಡಾಪ್ಟರನ್ನು ಮುಚ್ಚಿಡಬಾರದು.

ಲ್ಯಾಂಪ್, ಸ್ಟ್ರಿಪ್, ಅಡಾಪ್ಟರ್‌ಗಳಿಗೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ಲೋಹಾರ್ ಚಾಳ್ ಒಳ್ಳೆಯ ಜಾಗ. ಅಲ್ಲಿಂದ ಮಂಗಳದಾಸ್ ಮಾರ್ಕೆಟ್ಟಿಗೆ ನಡೆದು ಹೋಗಿ ಬಟ್ಟೆಯನ್ನೂ, ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಬ್ರಷ್ ಮತ್ತು ಕಾಗದದ ಸಾಮಾನನ್ನೂ ಒಂದೇ ಸುತ್ತಿನಲ್ಲಿ ಮುಗಿಸಬಹುದು. ಭಾನುವಾರ ಹೋಗಬೇಡಿ, ಸಗಟು ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಹಳೆಯ ಮೇಜು ಕುರ್ಚಿ ಬೇಕಿದ್ದವರು ಜೋಗೇಶ್ವರಿ ಪಶ್ಚಿಮದ ಓಶಿವಾರಾ ಫರ್ನಿಚರ್ ಮಾರುಕಟ್ಟೆಯನ್ನು ನೋಡಬಹುದು, ಆದರೆ ಮರದ ಸಂದಿಗಳಲ್ಲಿ ತಿಗಣೆಯ ಕಪ್ಪು ಚುಕ್ಕೆಗಳಿವೆಯೇ, ಕಾಲಿನ ಕೆಳಗೆ ಹಿಟ್ಟಿನಂಥ ಹುಡಿ ಉದುರಿದೆಯೇ ಎಂದು ಟಾರ್ಚ್ ಹಾಕಿ ನೋಡದೆ ಮುಂಗಡ ಕೊಡಬಾರದು.

ಪರದೆ, ದಿಂಬು, ಗಿಡ

ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್ ಉದ್ದವಿರುತ್ತದೆ. ಏಳೇಳು ಅಡಿಯ ಎರಡು ತುಂಡು ತೆಗೆದರೆ ಒಂದು ಜೊತೆ ಪರದೆ; 45 ಇಂಚಿನ ಎರಡು ಅಗಲ ಸೇರಿ ನಾಲ್ಕು ಅಡಿಯ ಕಿಟಕಿಗೆ ಬೇಕಾದಷ್ಟು ನೆರಿಗೆ ಬೀಳುತ್ತದೆ. ಮೇಲೆ ಕೊಳವೆ ತೂರುವಷ್ಟು ಮಡಚಿ ಹೊಲಿದು, ಚೌಕಟ್ಟಿನೊಳಗೆ ಸಿಕ್ಕಿಸುವ ಸ್ಪ್ರಿಂಗ್ ರಾಡಿಗೆ ಹಾಕಿದರೆ ತೂತು ಬೇಕಿಲ್ಲ. ಉಳಿದ ಮೀಟರಿನಷ್ಟು ಬಟ್ಟೆಯನ್ನು ಬಿಸಾಡದೆ ಕೌದಿಯ ದಿಂಬಿನ ಚೀಲಕ್ಕೆ ಇಟ್ಟುಕೊಳ್ಳಿ.

ಇಡೀ ಕೌದಿಯನ್ನು ಹೊಲಿಯುವ ತಾಳ್ಮೆ ಹದಿನೈದರ ವಯಸ್ಸಿಗೆ ಇರುವುದಿಲ್ಲ. 16 ಇಂಚು ಚೌಕದ ದಿಂಬಿನ ಚೀಲ ರಜೆಯ ಒಂದು ವಾರದಲ್ಲಿ ಮುಗಿಯುತ್ತದೆ. ಹಳೆಯ ಬಟ್ಟೆಯನ್ನು ಅಡಿಗೆ ಹಾಸಿ, ಮೇಲೆ ತುಂಡುಗಳನ್ನು ಅಂಚು ಮಡಚಿ ಜೋಡಿಸಿ, ದಪ್ಪ ದಾರದಿಂದ ಓಡುಹೊಲಿಗೆ ಹಾಕಬೇಕು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ಹೊರಟು ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗಳಿಗೆ ಫೂಲ ಎನ್ನುವ ಪುಟ್ಟ ತ್ರಿಕೋನಗಳನ್ನು ಇಡುತ್ತಾರೆ. ಅದೇ ಕ್ರಮವನ್ನು ಅನುಸರಿಸಿದರೆ ಬಟ್ಟೆ ಜರುಗುವುದಿಲ್ಲ, ಅಂಚೂ ಮೊದಲೇ ಭದ್ರವಾಗುತ್ತದೆ.

ಗಿಡಕ್ಕೆ ಧಾರಾವಿಯ ಕುಂಭಾರವಾಡದ ಮಣ್ಣಿನ ಕುಂಡ ಚಂದ. ಬಾಟಲಿಯಲ್ಲಿ ಮನಿಪ್ಲಾಂಟ್ ಇಡುವುದಾದರೆ ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಿಸಬೇಕು. ಡೆಂಗಿಯ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ.

ಮನೆ ಬಿಡುವ ದಿನ

ಅಂಟಿನ ಹುಕ್ಕುಗಳನ್ನು ನೇರವಾಗಿ ಎಳೆಯಬಾರದು. ಹೇರ್ ಡ್ರೈಯರ್‌ನಿಂದ ಒಂದು ನಿಮಿಷ ಬಿಸಿ ಮಾಡಿ, ಗಟ್ಟಿ ದಾರವನ್ನು ಹುಕ್ಕು ಮತ್ತು ಗೋಡೆಯ ನಡುವೆ ಗರಗಸದಂತೆ ಆಡಿಸಿದರೆ ಬಣ್ಣ ಕೀಳದೆ ಬಿಡಿಸಿಕೊಳ್ಳುತ್ತದೆ. ಕೊರೆದ ತೂತುಗಳಿಂದ ಸ್ಕ್ರೂ ಹಿಡಿಯಲು ಒಳಗೆ ಹಾಕಿದ ಪ್ಲಾಸ್ಟಿಕ್ ಗಿಟ್ಟಿಗಳನ್ನು ತೆಗೆದು, ಬಿಳಿ ಪುಟ್ಟಿಯನ್ನು ಎರಡು ಸಲವಾಗಿ ತುಂಬಿ (ಒಮ್ಮೆಲೇ ತುಂಬಿದರೆ ಒಣಗುವಾಗ ಕುಗ್ಗಿ ಗುಳಿ ಬೀಳುತ್ತದೆ), ಉಜ್ಜಿ ನಯಗೊಳಿಸಿ. ಅರ್ಧ ಗೋಡೆಯನ್ನು ಹಳೆಯ ಬಣ್ಣಕ್ಕೆ ತರಬೇಕೆಂದು ಮಾಲೀಕರು ಹೇಳಿದರೆ ಮೊದಲು ಒಂದು ಕೋಟು ಬಿಳಿ ಪ್ರೈಮರ್ ಬೇಕೇ ಬೇಕು, ಇಲ್ಲವಾದರೆ ನಾಲ್ಕು ಕೋಟು ಹಚ್ಚಿದರೂ ಹಸಿರು ಇಣುಕುತ್ತದೆ. ಶೇಡ್ ನಂಬರ್ ಮೆಸೇಜಿನಲ್ಲಿ ಇದ್ದೇ ಇದೆ. ಚಿತ್ರದ ಹಲಗೆಯನ್ನು ಹಳೆಯ ಚಾದರದಲ್ಲಿ ಸುತ್ತಿ, ಟೆಂಪೋದಲ್ಲಿ ಮಲಗಿಸದೆ ಹಾಸಿಗೆಗೆ ಒರಗಿಸಿ ನಿಲ್ಲಿಸಿ. ಮಲಗಿಸಿದರೆ ಅದರ ಮೇಲೆ ಯಾರಾದರೂ ಮಿಕ್ಸರ್‌ನ ಪೆಟ್ಟಿಗೆ ಇಟ್ಟೇ ಇಡುತ್ತಾರೆ.